ಕುದುರೆಯ ಕವಚ, ಗೂಳಿಯ ನೋವು

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಪೇನ್ ದೇಶದ ಗೂಳಿಕಾಳಗದಲ್ಲಿ ಪ್ರಾಣಿಗೆ ಆಗುವ ಹಿಂಸೆಯನ್ನೂ, ಆ ಹಿಂಸೆಯ ಬಗ್ಗೆ ಜನರ ಧೋರಣೆ ಬದಲಾಗುತ್ತಿರುವುದನ್ನೂ ಕುರಿತು ಪಶುವೈದ್ಯನಾಗಿ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದ್ದಾರೆ. ಈ ಹೊತ್ತಿನಲ್ಲಿ ರೇಡಿಯೊ ಕೇಳುತ್ತಿರುವವರಲ್ಲಿ ಮನೆಯ ಕೊಟ್ಟಿಗೆಯಲ್ಲಿ ದನ ಕಟ್ಟಿದವರು ಅನೇಕರಿದ್ದೀರಿ ಎಂದುಕೊಂಡೇ ಮಾತನಾಡುತ್ತೇನೆ. ಏಕೆಂದರೆ ದನದ ಮೈಯನ್ನು ಮುಟ್ಟಿ ಬಲ್ಲವರಿಗೆ ಈ ವಿಷಯವನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ನಾನು ಹೇಳಬೇಕಾದದ್ದು ಒಂದೇ ಮಾತು. ಪ್ರಾಣಿಯ ನೋವು ನಮ್ಮ ಕಣ್ಣಿಗೆ ಬೀಳದಂತೆ ಮಾಡುವುದು ಬೇರೆ, ಆ ನೋವನ್ನೇ ತಪ್ಪಿಸುವುದು ಬೇರೆ. ಗೂಳಿಕಾಳಗದ ಚರಿತ್ರೆಯಲ್ಲಿ ಸುಧಾರಣೆಯೆಂದು ಹೆಸರಾದ ಕ್ರಮಗಳಲ್ಲಿ ಹೆಚ್ಚಿನವು ಮೊದಲನೆಯ ಬಗೆಗೆ ಸೇರಿದವು.

ಗೂಳಿಕಾಳಗವೆಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಕೆಂಪು ಬಟ್ಟೆ ಹಿಡಿದು ನಿಂತ ಮಟಡೋರ್ ಮತ್ತು ಅವನ ಮೇಲೆ ನುಗ್ಗಿ ಬರುವ ಗೂಳಿಯ ಚಿತ್ರ. ಅದು ಕೊನೆಯ ಘಟ್ಟದ ಚಿತ್ರ. ಅಲ್ಲಿಗೆ ತಲುಪುವ ಹೊತ್ತಿಗೆ ಗೂಳಿಯ ಶಕ್ತಿಯನ್ನು ಬಹಳಷ್ಟು ಇಳಿಸಿ ಆಗಿರುತ್ತದೆ. ಒಂದು ಸಂಜೆಯ ಪ್ರದರ್ಶನದಲ್ಲಿ ಸಾಮಾನ್ಯವಾಗಿ 3 ಮಂದಿ ಮಟಡೋರ್‌ಗಳು 6 ಗೂಳಿಗಳನ್ನು ಕೊಲ್ಲುತ್ತಾರೆ. ಗೂಳಿಗೆ 4 ವರ್ಷ ತುಂಬಿರುತ್ತದೆ, ತೂಕ ಸುಮಾರು 500 ಕಿಲೊ. ಒಂದೊಂದರ ಸರದಿ 20 ನಿಮಿಷಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲ ಘಟ್ಟದಲ್ಲಿ ಕುದುರೆಯ ಮೇಲೆ ಕುಳಿತ ಪಿಕಡೋರ್ ಎಂಬಾತ ಉದ್ದನೆಯ ಈಟಿಯಿಂದ ಗೂಳಿಯ ಕತ್ತಿನ ಮೇಲ್ಭಾಗಕ್ಕೆ ಇರಿಯುತ್ತಾನೆ. ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳಿಗಿರುವಂಥ ಹಿಣಿಲು ಆ ತಳಿಗಿಲ್ಲ. ಆದರೆ ಕತ್ತಿನ ಮೇಲೆ ಉಬ್ಬಿ ನಿಲ್ಲುವ ದಪ್ಪನೆಯ ಮಾಂಸಖಂಡವಿದೆ, ತಲೆ ಎತ್ತುವುದಕ್ಕೂ ಕೊಂಬು ಬೀಸುವುದಕ್ಕೂ ಗೂಳಿಗೆ ಬಲ ಬರುವುದು ಅಲ್ಲಿಂದ. ಅದು ಹರಿದ ಮೇಲೆ ಗೂಳಿ ತಲೆಯನ್ನು ಎತ್ತಿ ಹಿಡಿಯಲಾರದು. ಎರಡನೆಯ ಘಟ್ಟದಲ್ಲಿ ಬಣ್ಣದ ಕಾಗದ ಸುತ್ತಿದ, ತುದಿಯಲ್ಲಿ ಗಾಳದಂಥ ಉಕ್ಕಿನ ಮುಳ್ಳಿರುವ ಕೋಲುಗಳನ್ನು ಸಾಮಾನ್ಯವಾಗಿ 3 ಜೋಡಿಯಷ್ಟು ಅದೇ ಭಾಗಕ್ಕೆ ಚುಚ್ಚುತ್ತಾರೆ. ಅವು ಕಳಚಿ ಬೀಳದೆ, ಗೂಳಿ ಓಡಿದಂತೆಲ್ಲ ಗಾಯದೊಳಗೆ ಅಲುಗಾಡುತ್ತಿರುತ್ತವೆ.

ಇಷ್ಟಾದ ಮೇಲೆ ಕೆಂಪು ಬಟ್ಟೆ ಬರುತ್ತದೆ. ದನಗಳ ಕಣ್ಣಿಗೆ ಕೆಂಪು ನಮಗೆ ಕಂಡಂತೆ ಕಾಣುವುದಿಲ್ಲ. ಗೂಳಿ ಹಾಯುವುದು ಬಟ್ಟೆಯ ಅಲುಗಾಟಕ್ಕೆ. ಕೊನೆಗೆ ಮಟಡೋರ್ ಮುಕ್ಕಾಲು ಮೀಟರಿಗೂ ಉದ್ದವಾದ ಕತ್ತಿಯನ್ನು ಎರಡು ಹೆಗಲೆಲುಬುಗಳ ನಡುವಿನಿಂದ ಎದೆಗೂಡಿನೊಳಕ್ಕೆ ಇಳಿಸುತ್ತಾನೆ. ಅದು ದೊಡ್ಡ ರಕ್ತನಾಳವನ್ನು ಕತ್ತರಿಸಿದರೆ ಗೂಳಿ ಬೇಗ ಬೀಳುತ್ತದೆ. ಅನೇಕ ಸಲ ಗುರಿ ತಪ್ಪಿ ಶ್ವಾಸಕೋಶ ಹರಿಯುತ್ತದೆ, ಬಾಯಿಯಿಂದ ರಕ್ತ ಬರುತ್ತದೆ, ಮತ್ತೆ ಮತ್ತೆ ಇರಿಯಬೇಕಾಗುತ್ತದೆ. ಬಿದ್ದ ಮೇಲೆ ತಲೆಬುರುಡೆಯ ಹಿಂದೆ ಕುತ್ತಿಗೆ ಕೂಡುವ ಕಡೆ ಚೂರಿ ಹಾಕಿ ಬೆನ್ನುಹುರಿಯನ್ನು ಕತ್ತರಿಸುತ್ತಾರೆ. ಬೆನ್ನುಹುರಿ ಕತ್ತರಿಸಿದರೆ ಮೈ ಅಲ್ಲಾಡುವುದು ನಿಲ್ಲುತ್ತದೆ. ಮಿದುಳು ಆ ಕ್ಷಣಕ್ಕೆ ನಿಲ್ಲುವುದಿಲ್ಲ. ನೋಡುವವರಿಗೆ ಎಲ್ಲವೂ ಮುಗಿದಂತೆ ಕಾಣುತ್ತದೆ, ಪ್ರಾಣಿಗೆ ಮುಗಿದಿರುವುದಿಲ್ಲ.

ಈ ತಳಿಯ ಗೂಳಿಗೆ ನೋವೇ ಆಗುವುದಿಲ್ಲ, ಅದರ ದೇಹ ನೋವು ಅಡಗಿಸುವ ರಸವನ್ನು ಹೇರಳವಾಗಿ ಸ್ರವಿಸುತ್ತದೆ ಎಂದು ವಾದಿಸುವವರು ಸ್ಪೇನಿನ ಪಶುವೈದ್ಯರಲ್ಲಿಯೇ ಇದ್ದಾರೆ. ಈ ವಾದವನ್ನು ತಾಳ್ಮೆಯಿಂದ ಕೇಳುವುದು ನನಗೆ ಕಷ್ಟ. ನೋವು ಅಡಗಿಸುವ ರಸ ಹೆಚ್ಚಾಗಿದೆ ಎಂದರೆ ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಿದೆ ಎಂದೇ ಅರ್ಥ. ನೊಗ ತಿಕ್ಕಿ ಹೆಗಲು ಹುಣ್ಣಾದ ಎತ್ತಿನ ಮೇಲೆ ಒಂದು ನೊಣ ಕುಳಿತರೂ ಅದು ಚರ್ಮ ಅದುರಿಸುವುದನ್ನು ತಾವೆಲ್ಲ ನೋಡಿದ್ದೀರಿ. ನೊಣದ ಕಾಲನ್ನು ತಾಳದ ಮೈ ಉಕ್ಕಿನ ಮುಳ್ಳನ್ನು ತಾಳುತ್ತದೆಯೇ? ಈ ಗೂಳಿಗಳು 4 ವರ್ಷ ಓಕ್ ಮರಗಳ ವಿಶಾಲವಾದ ಹುಲ್ಲುಗಾವಲಿನಲ್ಲಿ ಸ್ವತಂತ್ರವಾಗಿ ಮೇಯುತ್ತವೆ ಎಂಬ ಮತ್ತೊಂದು ಮಾತೂ ಉಂಟು. ಅದು ನಿಜ, ಹಾಗೆ ಮೇಯುವುದು ಒಳ್ಳೆಯದೇ. ಆದರೆ ನಾಲ್ಕು ವರ್ಷ ಚೆನ್ನಾಗಿ ಸಾಕಿದ್ದು ಕೊನೆಯ ಇಪ್ಪತ್ತು ನಿಮಿಷ ಇರಿಯುವುದಕ್ಕೆ ಹಕ್ಕು ಕೊಡುವುದಿಲ್ಲ.

ಈಗ ಕುದುರೆಯ ಕಥೆಗೆ ಬರುತ್ತೇನೆ. ಪಾಠ ಹೇಳುತ್ತಿದ್ದ ಕಾಲದಲ್ಲಿ ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಇದನ್ನು ಹೇಳುತ್ತಿದ್ದೆ. ಸಮಯ ಹಿಡಿದರೂ ಇದನ್ನು ಪೂರ್ತಿಯಾಗಿಯೇ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಇದರೊಳಗೇ ಇದೆ.

ಪಿಕಡೋರ್ ಏರುವ ಕುದುರೆಗೆ ಇಂದು ಹೊಟ್ಟೆ, ಎದೆ, ಪಕ್ಕೆಗಳನ್ನು ಮುಚ್ಚುವ ದಪ್ಪನೆಯ ಕವಚವಿದೆ. ಸ್ಪೇನಿನವರು ಅದಕ್ಕೆ ಪೆತೊ ಎನ್ನುತ್ತಾರೆ. ನೂರು ವರ್ಷಗಳ ಹಿಂದೆ ಇದು ಇರಲಿಲ್ಲ. ಗಾಡಿ ಎಳೆದೆಳೆದು ಸೊರಗಿದ, ವಯಸ್ಸಾದ, ಇನ್ನಾವ ಕೆಲಸಕ್ಕೂ ಬಾರದೆಂದು ಮಾರಿಬಿಟ್ಟ ಕುದುರೆಗಳನ್ನು ಅಗ್ಗದ ಬೆಲೆಗೆ ಕೊಂಡು, ಗೂಳಿ ಬರುವುದು ಕಾಣದಿರಲೆಂದು ಆ ಪಕ್ಕದ ಕಣ್ಣಿಗೆ ಬಟ್ಟೆ ಕಟ್ಟಿ, ಅಖಾಡದಲ್ಲಿ ನಿಲ್ಲಿಸುತ್ತಿದ್ದರು. ಗೂಳಿ ನುಗ್ಗಿ ಬಂದು ಕೊಂಬಿನಿಂದ ಕುದುರೆಯ ಹೊಟ್ಟೆಯನ್ನು ಸೀಳುತ್ತಿತ್ತು. ಕರುಳು ಹೊರಬಂದ ಕುದುರೆ ಇನ್ನೂ ಕಾಲ ಮೇಲೆ ನಿಲ್ಲಬಲ್ಲದಾದರೆ, ಕರುಳನ್ನು ಒಳಕ್ಕೆ ತುರುಕಿ, ಗಾಯಕ್ಕೆ ಹೊಲಿಗೆ ಹಾಕಿ, ಅದೇ ಕುದುರೆಯನ್ನು ಮತ್ತೆ ಅಖಾಡಕ್ಕೆ ತರುತ್ತಿದ್ದರು. ಅನೇಕ ದಿನಗಳಲ್ಲಿ ಸತ್ತ ಗೂಳಿಗಳಿಗಿಂತ ಸತ್ತ ಕುದುರೆಗಳೇ ಹೆಚ್ಚಾಗಿರುತ್ತಿದ್ದವು. ಗೂಳಿಯ ಕೆಚ್ಚನ್ನು ಅದು ಕೊಂದ ಕುದುರೆಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು, ಕುದುರೆ ಸಾಲದೆ ಹೋದರೆ 'ಕುದುರೆ! ಕುದುರೆ!' ಎಂದು ಜನ ಕೂಗುತ್ತಿದ್ದರು. ಹಾಗೆ ಕೂಗಿದವರು ರಾಕ್ಷಸರಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಮಕ್ಕಳನ್ನು ಕರೆದುಕೊಂಡು ಬಂದ ಗೃಹಸ್ಥರು, ವ್ಯಾಪಾರಿಗಳು, ಕೂಲಿಯವರು. ಹುಟ್ಟಿದಂದಿನಿಂದ ನೋಡಿದ್ದರಿಂದ ಅವರಿಗೆ ಅದು ಸಹಜವಾಗಿ ಕಾಣುತ್ತಿತ್ತು.

ಹೊರಗಿನಿಂದ ಬಂದವರಿಗೆ ಹಾಗೆ ಕಾಣಲಿಲ್ಲ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮೊಮ್ಮಗಳು ವಿಕ್ಟೋರಿಯಾ ಯೂಜಿನಿ 1906ರಲ್ಲಿ ಸ್ಪೇನಿನ ದೊರೆ ಹದಿಮೂರನೆಯ ಅಲ್ಫಾನ್ಸೊನನ್ನು ಮದುವೆಯಾದಾಗ, ಆ ಸಂಭ್ರಮದ ಅಂಗವಾಗಿಯೇ ಗೂಳಿಕಾಳಗ ನಡೆಯಿತು. ಆಕೆಗೆ ಕಡೆಯತನಕ ಅದು ಹಿಡಿಸಲಿಲ್ಲ. ಪ್ರವಾಸಿಗರು ಕುದುರೆಯ ಸಾವನ್ನು ಕಂಡು ಎದ್ದು ಹೋಗುತ್ತಿದ್ದರು. ದೇಶದೊಳಗಿನ ವಿವೇಕಿಗಳೂ ಇದನ್ನು ಬಹುಕಾಲದಿಂದ ಖಂಡಿಸುತ್ತಿದ್ದರು. ಕೊನೆಗೆ, ದೊರೆಯ ಒಪ್ಪಿಗೆಯಿಂದ ಆಗ ಅಧಿಕಾರ ನಡೆಸುತ್ತಿದ್ದ ಸರ್ವಾಧಿಕಾರಿ ಮಿಗೆಲ್ ಪ್ರಿಮೊ ದೆ ರಿವೇರಾನ ಸರ್ಕಾರ 1928ರಲ್ಲಿ ಕುದುರೆಗೆ ಕವಚ ತೊಡಿಸುವುದನ್ನು ಕಡ್ಡಾಯ ಮಾಡಿತು. ಆಗ ಸಂಪ್ರದಾಯವಾದಿಗಳು ಬಲವಾಗಿ ವಿರೋಧಿಸಿದರು, ಕವಚ ಬಂದರೆ ಕಾಳಗದ ಸತ್ವವೇ ಹೋಗುತ್ತದೆ ಎಂದರು. ಏನೂ ಆಗಲಿಲ್ಲ. ಒಂದು ತಲೆಮಾರು ಕಳೆಯುವುದರೊಳಗೆ, ಕುದುರೆಯ ಕರುಳು ಮರಳಿನ ಮೇಲೆ ಬೀಳುವುದನ್ನು ಸ್ಪೇನಿನ ಪ್ರೇಕ್ಷಕರೇ ಸಹಿಸಲಾರದವರಾದರು. ಅಜ್ಜ ಚಪ್ಪಾಳೆ ತಟ್ಟಿದ್ದನ್ನು ಮೊಮ್ಮಗ ನೋಡಲಾರದೆ ಹೋದ. ಸಂಪ್ರದಾಯ ಬದಲಾಗುವುದೇ ಇಲ್ಲ ಎಂದು ನನ್ನೊಡನೆ ವಾದಿಸುವವರಿಗೆ ನಾನು ಕೊಡುವ ಉತ್ತರ ಇದು.

ಆದರೆ ಪಶುವೈದ್ಯನಾದವನು ಕಥೆಯನ್ನು ಅಲ್ಲಿಗೇ ನಿಲ್ಲಿಸುವಂತಿಲ್ಲ. ಕವಚ ಕೊಂಬಿನ ಮೊನೆಯನ್ನು ತಡೆಯಿತು, ಗುದ್ದಿನ ಭಾರವನ್ನು ತಡೆಯಲಿಲ್ಲ. ಐನೂರು ಕಿಲೊ ತೂಕದ ಪ್ರಾಣಿ ಓಡಿ ಬಂದು ಗುದ್ದಿದಾಗ ಕವಚದೊಳಗಿನ ಪಕ್ಕೆಲುಬು ಮುರಿಯಬಹುದು, ಒಳಗಿನ ಅಂಗಗಳಿಗೆ ಪೆಟ್ಟಾಗಬಹುದು. ಹೊರಗೆ ರಕ್ತ ಕಾಣುವುದಿಲ್ಲ, ಆದ್ದರಿಂದ ಯಾರೂ ಎದ್ದು ಹೋಗುವುದಿಲ್ಲ. ಗೂಳಿಗೆ ಏನಾಯಿತು? ಹಿಂದೆ ಕುದುರೆ ಬೇಗ ಕುಸಿಯುತ್ತಿದ್ದುದರಿಂದ ಪಿಕಡೋರನಿಗೆ ಈಟಿ ಊರಲು ಹೆಚ್ಚು ಸಮಯ ಸಿಗುತ್ತಿರಲಿಲ್ಲ. ಕವಚ ಬಂದ ಮೇಲೆ ದೊಡ್ಡ ಮೈಯ, ಬಲವಾದ ಕುದುರೆ ಗೋಡೆಯಾಗಿ ನಿಂತಿತು. ಅದನ್ನು ಆನಿಸಿಕೊಂಡು ನಿಂತ ಗೂಳಿಯ ಬೆನ್ನಿಗೆ ಪಿಕಡೋರ್ ತನ್ನ ಮೈಭಾರವನ್ನೆಲ್ಲ ಹಾಕಿ ನಿಧಾನವಾಗಿ ಈಟಿ ಒತ್ತಬಲ್ಲವನಾದ. ಗೂಳಿಯ ಶಿಕ್ಷೆ ಹೆಚ್ಚಾಯಿತು. ಇದನ್ನು ಪ್ರಾಣಿದಯಾ ಸಂಘದವರಷ್ಟೇ ಅಲ್ಲ, ಗೂಳಿಕಾಳಗದ ಅಭಿಮಾನಿಗಳೂ ಒಪ್ಪುತ್ತಾರೆ. ಕುದುರೆಯ ನೋವು ಕವಚದ ಹಿಂದೆ ಮರೆಯಾಯಿತು, ಗೂಳಿಯ ನೋವು ಬೆಳೆಯಿತು, ಜನ ಸಮಾಧಾನಗೊಂಡರು.

ಕುದುರೆಯ ಕಥೆಗೇ ಹೆಚ್ಚು ಸಮಯ ಹೋದದ್ದರಿಂದ ಉಳಿದದ್ದನ್ನು ಚುರುಕಾಗಿ ಹೇಳಿಬಿಡುತ್ತೇನೆ. ಪೋರ್ಚುಗಲ್ ಅದೇ 1928ರಲ್ಲಿ ಅಖಾಡದಲ್ಲಿ ಗೂಳಿಯನ್ನು ಕೊಲ್ಲುವುದನ್ನು ನಿಷೇಧಿಸಿತು. ಆದರೆ ಅಲ್ಲಿಯೂ ಮುಳ್ಳಿನ ಕೋಲುಗಳನ್ನು ಚುಚ್ಚುತ್ತಾರೆ. ಆಮೇಲೆ ಗೂಳಿಯನ್ನು ಹೊರಗೆ ಒಯ್ದು, ಜನರ ಕಣ್ಣಿನಿಂದ ದೂರದಲ್ಲಿ ಕೊಲ್ಲುತ್ತಾರೆ, ಕಸಾಯಿಖಾನೆಯ ಸರದಿ ಬರುವತನಕ ಅದು ಗಾಯಗಳೊಡನೆ ಕಾಯಬೇಕು. ಸ್ಪೇನಿನ ಕೆಟಲೋನಿಯಾ ಪ್ರಾಂತದ ಶಾಸನಸಭೆ 1,80,000 ನಾಗರಿಕರ ಸಹಿಯ ಮನವಿಯನ್ನು ಸ್ವೀಕರಿಸಿ, 2010ರ ಜುಲೈ 28ರಂದು 68ಕ್ಕೆ 55 ಮತಗಳಿಂದ ಗೂಳಿಕಾಳಗವನ್ನು ನಿಷೇಧಿಸಿತು. ಬಾರ್ಸಿಲೋನಾದ ಲಾ ಮೊನುಮೆಂಟಲ್ ಅಖಾಡದಲ್ಲಿ 2011ರ ಸೆಪ್ಟೆಂಬರ್‌ನಲ್ಲಿ ಕೊನೆಯ ಕಾಳಗ ನಡೆಯಿತು. ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ 2016ರಲ್ಲಿ ಆ ನಿಷೇಧವನ್ನು ರದ್ದುಗೊಳಿಸಿದ ಮೇಲೂ ಅಲ್ಲಿ ಕಾಳಗ ಮರಳಿ ಬಂದಿಲ್ಲ, ಇದು ದೊಡ್ಡ ಸಂಗತಿ. ಆದರೆ ಅದೇ ಶಾಸನಸಭೆ, ನಿಷೇಧ ತಂದ 2010ರಲ್ಲಿಯೇ, ಗೂಳಿಯ ಕೊಂಬಿಗೆ ಬೆಂಕಿಯ ಉಂಡೆ ಕಟ್ಟಿ ಬೀದಿಯಲ್ಲಿ ಓಡಿಸುವ ಹಳ್ಳಿಹಬ್ಬಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ರಕ್ತವಿಲ್ಲವೆಂದು ಅದು ಕ್ರೌರ್ಯವಲ್ಲವಂತೆ. ತಲೆಯ ಮೇಲೆ ಬೆಂಕಿ ಉರಿಯುತ್ತಿರುವ ದನಕ್ಕೆ ಎಂಥ ಭಯವಾಗುತ್ತದೆ ಎಂಬುದನ್ನು ಇಲ್ಲಿ ಕೇಳುತ್ತಿರುವ ಯಾವ ರೈತನಾದರೂ ಆ ಶಾಸಕರಿಗೆ ಹೇಳಬಲ್ಲ.

ನಮ್ಮ ಮಾತೇನು ಎಂದು ತಾವು ಕೇಳಬಹುದು. ಕರಾವಳಿಯ ಕಂಬಳವಾಗಲಿ, ದೀಪಾವಳಿಯ ಹೊತ್ತಿಗೆ ಹಾವೇರಿ, ಶಿವಮೊಗ್ಗದ ಕಡೆ ನಡೆಯುವ ಹೋರಿ ಹಬ್ಬವಾಗಲಿ ಸ್ಪೇನಿನ ಅಖಾಡದಂಥದ್ದಲ್ಲ. ಇಲ್ಲಿ ಪ್ರಾಣಿಯನ್ನು ಕೊಲ್ಲುವ ಉದ್ದೇಶವಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ತಡೆದಿತ್ತು; ಬಳಿಕ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರಗಳು ಇಂಥ ಆಟಗಳಿಗೆ ಅವಕಾಶ ಕೊಡಲು ಕಾನೂನಿಗೆ ಮಾಡಿಕೊಂಡ ತಿದ್ದುಪಡಿಗಳನ್ನು 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠ ಎತ್ತಿಹಿಡಿಯಿತು. ಆಚರಣೆಗೆ ಅನುಮತಿ ಸಿಕ್ಕಿತೆಂದರೆ ಬಾಲ ತಿರುಚುವುದಕ್ಕೆ, ಚುಚ್ಚುವುದಕ್ಕೆ ಅನುಮತಿ ಸಿಕ್ಕಿದಂತಲ್ಲ. ಮೆರವಣಿಗೆಯ ಮುಂದೆ ಬಿಟ್ಟುಬಿಟ್ಟದ್ದನ್ನು ಕೊಟ್ಟಿಗೆಯ ಹಿಂದೆ ಮಾಡಿದರೆ, ಅದೂ ಕುದುರೆಯ ಕವಚದಂಥ ಸುಧಾರಣೆಯೇ ಆಗುತ್ತದೆ.

ಸ್ಪೇನಿನಲ್ಲಿ ಇಂದು ಏನಾಗುತ್ತಿದೆ? 2013ರ ಕಾನೂನೊಂದು ಗೂಳಿಕಾಳಗವನ್ನು ದೇಶದ ಸಾಂಸ್ಕೃತಿಕ ಪರಂಪರೆಯೆಂದು ಸಾರಿದೆ. ಪ್ರಾಣಿಗಳು ಸಂವೇದನೆಯುಳ್ಳ ಜೀವಿಗಳೆಂದು 2021ರಲ್ಲಿ ತಮ್ಮ ನಾಗರಿಕ ಸಂಹಿತೆಯಲ್ಲಿ ಬರೆದುಕೊಂಡ ಅದೇ ದೇಶ, 2023ರ ಪ್ರಾಣಿ ಕಲ್ಯಾಣ ಕಾನೂನಿನಿಂದ ಕಾಳಗದ ಗೂಳಿಯನ್ನು ಹೊರಗಿಟ್ಟಿತು. ಆದರೂ ಜನ ದೂರ ಸರಿಯುತ್ತಿದ್ದಾರೆ. 2007ರಲ್ಲಿ ಅಖಾಡಗಳಲ್ಲಿ 3,600ಕ್ಕೂ ಹೆಚ್ಚು ಪ್ರದರ್ಶನಗಳು ನಡೆದಿದ್ದರೆ 2019ರಲ್ಲಿ ಅವು 1,500ಕ್ಕಿಂತ ಕೆಳಗಿಳಿದವು. 2024ರಲ್ಲಿ ಸಂಸ್ಕೃತಿ ಸಚಿವ ಅರ್ನೆಸ್ಟ್ ಉರ್ತಾಸುನ್ ಗೂಳಿಕಾಳಗಕ್ಕೆ ಕೊಡುತ್ತಿದ್ದ ರಾಷ್ಟ್ರೀಯ ಪ್ರಶಸ್ತಿಯನ್ನು ನಿಲ್ಲಿಸಿದರು.

ನೋವನ್ನು ಮರೆಮಾಚದೆ ನೇರವಾಗಿ ತಪ್ಪಿಸಲು ಹೊರಟವರು ಸ್ಪೇನಿನಿಂದ ಈ ಆಟವನ್ನು ಪಡೆದ ದೇಶಗಳಲ್ಲಿದ್ದಾರೆ. ಜಗತ್ತಿನ ಅತಿ ದೊಡ್ಡ ಅಖಾಡವಿರುವ ಮೆಕ್ಸಿಕೊ ನಗರದ ಶಾಸನಸಭೆ 2025ರ ಮಾರ್ಚ್‌ನಲ್ಲಿ, ಈಟಿ, ಮುಳ್ಳು, ಕತ್ತಿಗಳನ್ನು ಬಳಸಬಾರದು, ಗೂಳಿಯನ್ನು ಕೊಲ್ಲಬಾರದು ಎಂದು 61ಕ್ಕೆ 1 ಮತದಿಂದ ತೀರ್ಮಾನಿಸಿತು. ಕೊಲಂಬಿಯಾ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಸಂಸತ್ತು 2024ರಲ್ಲಿ ಅಂಗೀಕರಿಸಿದ ಕಾನೂನಿನಂತೆ 2027ರಿಂದ ಇಡೀ ದೇಶದಲ್ಲಿ ಗೂಳಿಕಾಳಗ ಇರುವುದಿಲ್ಲ. ನಡುವಿನ ಈ 3 ವರ್ಷಗಳಲ್ಲಿ, ಕಾಳಗವನ್ನೇ ನಂಬಿ ಬದುಕಿದವರಿಗೆ ಸರ್ಕಾರ ಬೇರೆ ಜೀವನೋಪಾಯದ ದಾರಿ ಮಾಡಿಕೊಡಬೇಕು, ಅಖಾಡಗಳನ್ನು ಆಟಕ್ಕೂ ಸಂಗೀತ, ನಾಟಕಗಳಿಗೂ ಬಳಸುವಂತೆ ಮಾರ್ಪಡಿಸಬೇಕು ಎಂದು ಆ ಕಾನೂನಿನಲ್ಲಿಯೇ ಬರೆದಿದ್ದಾರೆ. ಗೂಳಿಯ ನೋವು ನಿಲ್ಲಿಸುವ ಜೊತೆಗೆ, ಅದನ್ನು ಸಾಕಿ ಮೇಯಿಸಿದ ಆಳಿನ ಊಟವನ್ನೂ ಯೋಚಿಸಿದ ಈ ಕಾನೂನು ಹೇಗೆ ಜಾರಿಗೆ ಬರುತ್ತದೆಂಬುದನ್ನು, ಪ್ರಾಣಿಗಳ ಬಗ್ಗೆ ಕಾಳಜಿಯಿರುವ ನಮ್ಮ ಯುವ ವಕೀಲರೂ ಯುವ ಪಶುವೈದ್ಯರೂ ಮುಂದಿನ ವರ್ಷಗಳಲ್ಲಿ ಗಮನವಿಟ್ಟು ನೋಡಬೇಕೆಂದು ಕೋರುತ್ತೇನೆ.

ನಮಸ್ಕಾರ.