ಮಲಗೋ ಹೊತ್ತಿನ ಚಿತ್ರಪುಸ್ತಕ: ಕೊಳ್ಳೋ ಮುಂಚೆ ಓದಿ ನೋಡಿ

ಶಿವಮೊಗ್ಗದ ಯಾವುದೇ ಪುಸ್ತಕದಂಗಡಿಗೆ ಹೋಗಿ, ಚಿತ್ರಪುಸ್ತಕ ಕೈಗೆತ್ತಿಕೊಂಡ ಕೂಡಲೇ ಎರಡು ಪುಟ ಬಾಯಿಬಿಟ್ಟು ಓದಿ. ಸಂಕೋಚ ಬೇಡ. ರಾತ್ರಿ ಮಗುವಿಗೆ ಸಿಗೋದು ನಿಮ್ಮ ದನಿ.

ಈ ಸಾಲು ಕೇಳಿ: "ಪುಟ್ಟ ಆನೆಯು ತನ್ನ ಬೆಚ್ಚಗಿನ ಹಾಸಿಗೆಯೊಳಗೆ ತನ್ನನ್ನು ಸೇರಿಸಿಕೊಂಡಿತು." ನಾಲಿಗೆ ಎಡವುತ್ತೆ. "ಆನೆಮರಿ ಕಂಬಳಿ ಹೊದ್ದು ಮಲಗಿತು" ಅನ್ನಿ, ಒಂದೇ ಉಸಿರು! ಅನುವಾದದ ಪುಸ್ತಕ ಕೊಳ್ಳುವಾಗ ಇದನ್ನಂತೂ ನೋಡಲೇಬೇಕು. ಮಲೆನಾಡಲ್ಲಿ ಇನ್ನೊಂದು ಕಷ್ಟ ಇದೆ. ಆಷಾಢದ ಮಳೆ ಹಂಚಿನ ಮೇಲೆ ಸುರೀತಿರುವಾಗ ಉದ್ದ ವಾಕ್ಯದಲ್ಲಿ ಅರ್ಧ ಕೇಳಿಸೋದೇ ಇಲ್ಲ. ಐದಾರು ಪದದ ವಾಕ್ಯ, ನಡುನಡುವೆ ಪಲ್ಲವಿ ಥರ ಮರಳಿ ಬರೋ ಒಂದು ಸಾಲು ಇದ್ರೆ, ಕೇಳಿಸದೇ ಹೋದದ್ದನ್ನ ಮಗುವೇ ಹೇಳಿ ಮುಗಿಸುತ್ತೆ.

ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆ ಮಡಚಿ ಕತ್ತರಿಸೋದ್ರಿಂದ ಪುಟ 8, 16ರ ಲೆಕ್ಕದಲ್ಲೇ ಬರುತ್ತೆ. ಮೂರು ವರ್ಷದ ಮಗುವಿಗೆ ಒಟ್ಟು 250 ಪದ ಸಾಕು, ಚಿತ್ರ ತೋರಿಸ್ತಾ ಓದಿದ್ರೂ ಐದಾರು ನಿಮಿಷ. ಕೊಳ್ಳೋ ಮುಂಚೆ ಅಂದಾಜು ಸಿಗ್ಬೇಕು ಅಂದ್ರೆ ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗ್ತವೆ, ಓದಿ ನೋಡಿ.

ಈಗ ಕೊನೇ ನಾಲ್ಕು ಪುಟ ತೆಗೀರಿ. "ಬಾಗಿಲ ಹಿಂದೆ ಯಾರು?" ಅನ್ನೋ ಕುತೂಹಲ ಮೊದಲರ್ಧದಲ್ಲಿರಲಿ. ಕೊನೇಲಿ ಓಟ, ಕಿರುಚಾಟ, ಗುಮ್ಮ ಇದ್ರೆ ಆ ಪುಸ್ತಕ ಹಗಲಿಗೆ ಚೆನ್ನ, ಮಲಗೋ ಹೊತ್ತಿಗೆ ಖಂಡಿತ ಬೇಡ. ಬಣ್ಣ ತಣ್ಣಗಾಗ್ತಾ, ಪದ ಕಡಿಮೆಯಾಗ್ತಾ ಬರ್ಬೇಕು.

ಪುಸ್ತಕ ಪೂರ್ತಿ ಬಿಚ್ಚಿ ನೋಡಿ, ಕೆಲವದ್ರಲ್ಲಿ ನಡುವಿನ ಮಡಿಕೆಯೊಳಗೆ ಪಾತ್ರದ ಮುಖವೋ ಅಕ್ಷರವೋ ಮುಳುಗಿರುತ್ತೆ. ಗಾಢ ಚಿತ್ರದ ಮೇಲೆ ಸಣ್ಣ ಅಕ್ಷರ ಅಚ್ಚಾಗಿದ್ರೆ ಕರೆಂಟು ಹೋದಾಗ ಒತ್ತಕ್ಷರ ಕಾಣಲ್ಲ, ಅಜ್ಜಿಗಂತೂ ಕನ್ನಡಕ ಹಾಕಿದ್ರೂ ಕಷ್ಟ.

ಕಾಗದವನ್ನ ಬಲ್ಬಿನ ಕೆಳಗೆ ಓರೆ ಹಿಡೀರಿ. ಹೊಳೆಯೋ ಕಾಗದ ಕಣ್ಣಿಗೆ ಹೊಡೆಯುತ್ತೆ. ಅದಕ್ಕೆ ಬಳಿದಿರೋ ಲೇಪ ನೀರು ಸೋಕಿದ್ರೆ ಮೆದುವಾಗಿ, ಒಣಗುವಾಗ ಪಕ್ಕದ ಪುಟಕ್ಕೆ ಅಂಟಿಬಿಡುತ್ತೆ. ಹಾಗೇ ಒಣಗಿದ ಮೇಲೆ ಎಳೆದ್ರೆ ಚಿತ್ರವೇ ಕಿತ್ತು ಬರುತ್ತೆ. ಒದ್ದೆಯಿರುವಾಗಲೇ ಒಂದೊಂದು ಪುಟ ಮೆಲ್ಲಗೆ ಬಿಡಿಸಿ, ನಡುವೆ ಬಿಳೀ ಕಾಗದ ಇಟ್ಟು ಫ್ಯಾನಿನ ಗಾಳಿಗೆ ಇಡಿ. ಮಳೆಗಾಲದಲ್ಲಿ ಪುಸ್ತಕಗಳನ್ನ ಹೊರಗೋಡೆಗೆ ತಾಗಿಸದೆ, ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟು ನಿಲ್ಲಿಸಿ.