ಗಡಿಯಾರವನ್ನು ರೆಫರಿಯ ಕೈಯಿಂದ ಬಿಡಿಸೋಣ
(ಸುಂಟಿಕೊಪ್ಪದಲ್ಲಿ ಫುಟ್‌ಬಾಲ್ ಪ್ರೇಮಿಗಳ ಎದುರು ಮಾಡಿದ ಉಪನ್ಯಾಸ)

ಹಿರಿಯರೇ, ಸ್ನೇಹಿತರೇ, ಲೈನ್ ಪಕ್ಕದಲ್ಲಿ ನಿಂತು ಗಂಟಲು ಕಟ್ಟುವವರೆಗೆ ಕೂಗುವ ಎಲ್ಲ ಫುಟ್‌ಬಾಲ್ ಬಂಧುಗಳೇ,

ಕೊಡಗು ಅಂದರೆ ಹಾಕಿ ಎಂದೇ ಹೊರಗಿನವರು ತಿಳಿದಿದ್ದಾರೆ. ಅದು ನಿಜವೇ. ಆದರೆ ಸುಂಟಿಕೊಪ್ಪ, ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆ ಸಂಜೆ ತೋಟದ ಕೆಲಸ ಮುಗಿಸಿಕೊಂಡು ಬಂದ ಹುಡುಗರು ಒಂದಿಷ್ಟು ಸಮತಟ್ಟು ಜಾಗ ಸಿಕ್ಕಿದರೆ ಒದೆಯುವುದು ಫುಟ್‌ಬಾಲನ್ನೇ. ಬೇಸಿಗೆಯ ಪಂದ್ಯಾವಳಿಗೆ ಬರುವ ಜನರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಜನರ ಸಿಟ್ಟಿನ ಬಗ್ಗೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ.

ಯಾವ ಸಿಟ್ಟು ಅಂತ ನಿಮಗೆ ಗೊತ್ತು. ದ್ವಿತೀಯಾರ್ಧ. ಇನ್ನು ಹತ್ತು ನಿಮಿಷ ಇದೆ. ಒಂದು ತಂಡ ಒಂದು ಗೋಲು ಮುಂದಿದೆ. ಚೆಂಡು ಗೋಲ್ ಲೈನ್ ದಾಟಿ ಹೊರಗೆ ಹೋಯಿತು. ಕೀಪರ್ ನಿಧಾನವಾಗಿ ನಡೆದುಹೋಗಿ ಅದನ್ನು ಎತ್ತಿಕೊಳ್ಳುತ್ತಾನೆ. ಎಡಗಡೆ ಇಡುತ್ತಾನೆ, ಯೋಚನೆ ಮಾಡಿ ಬಲಗಡೆ ಇಡುತ್ತಾನೆ. ಗ್ಲೌಸ್ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಾನೆ. ಬಗ್ಗಿ ಬೂಟಿನ ಲೇಸ್ ಕಟ್ಟುತ್ತಾನೆ. ಕೊನೆಗೂ ಒದ್ದ ಚೆಂಡು ಬೇಲಿ ದಾಟಿ ಕಾಫಿ ತೋಟದ ಇಳಿಜಾರಿನಲ್ಲಿ ಉರುಳಿ ಹೋಗುತ್ತದೆ. ಇರುವುದು ಅದೊಂದೇ ಚೆಂಡು! ಇಬ್ಬರು ಹುಡುಗರು ಗಿಡದ ಸಾಲಿನೊಳಗೆ ಹುಡುಕುತ್ತಾರೆ. ಅಷ್ಟರಲ್ಲಿ ಬದಲಿ ಆಟಗಾರನನ್ನು ಇಳಿಸುವ ಸೂಚನೆ ಬರುತ್ತದೆ. ಹೊರಗೆ ಹೋಗಬೇಕಾದವನು ಆ ತುದಿಯಲ್ಲಿ ನಿಂತಿದ್ದಾನೆ. ಸ್ಟಾಕಿಂಗ್ಸ್ ಎಳೆದುಕೊಳ್ಳುತ್ತಾ, ದಾರಿಯಲ್ಲಿ ಸಿಕ್ಕ ಎಲ್ಲರ ಕೈ ಕುಲುಕುತ್ತಾ ಬರುತ್ತಾನೆ. ರೆಫರಿ ಒಮ್ಮೆ ಗಡಿಯಾರ ನೋಡಿಕೊಂಡ, ಕೈಬೀಸಿ ಬೇಗ ಬೇಗ ಅಂದ. ಅಷ್ಟೇ. ಮತ್ತೆರಡು ನಿಮಿಷಕ್ಕೆ ಉದ್ದನೆಯ ವಿಸಲ್. ಸೋತ ತಂಡದವರು ರೆಫರಿಯ ಸುತ್ತ, ಜನ ಲೈನ್ ದಾಟಿ ಒಳಗೆ.

ಇಂಥ ಹೊತ್ತಿನಲ್ಲಿ ನಾವು ಮೊದಲು ಬೈಯುವುದು ಕೀಪರನ್ನು, ಆಮೇಲೆ ರೆಫರಿಯನ್ನು. ಇಬ್ಬರನ್ನೂ ಬೈಯುವುದರಲ್ಲಿ ಹುರುಳಿಲ್ಲ ಎಂದು ನನಗನಿಸುತ್ತದೆ. ಕೀಪರ್ ಮಾಡಿದ್ದು ಲಾಭದ ಕೆಲಸ. ಹೆಚ್ಚೆಂದರೆ ಒಂದು ಹಳದಿ ಕಾರ್ಡ್. ಅದು ಸಿಕ್ಕಿದ ಮೇಲೂ ಅವನು ಮೈದಾನದಲ್ಲೇ ಇರುತ್ತಾನೆ, ಅವನ ತಂಡದಲ್ಲಿ ಒಬ್ಬನೂ ಕಡಿಮೆಯಾಗುವುದಿಲ್ಲ. ಕಳೆದ ಸಮಯ ಮಾತ್ರ ಕಳೆದೇ ಹೋಯಿತು. ಆಟದ 7ನೆಯ ನಿಯಮ ಹೇಳುವುದು ಹಾಗೆ ಹಾಳಾದ ಸಮಯವನ್ನು ರೆಫರಿ ಸೇರಿಸಬೇಕು ಅಂತ. ಎಷ್ಟು ಸೇರಿಸಬೇಕು ಎಂಬುದು ಅವನೊಬ್ಬನ ವಿವೇಚನೆಗೆ ಬಿಟ್ಟದ್ದು. ದೊಡ್ಡ ಪಂದ್ಯದಲ್ಲಿ ನಾಲ್ಕನೆಯ ಅಧಿಕಾರಿ ಬೋರ್ಡ್ ಎತ್ತಿ ಕನಿಷ್ಠ ಇಷ್ಟು ನಿಮಿಷ ಅಂತ ತೋರಿಸುತ್ತಾನೆ. ನಮ್ಮಲ್ಲಿ ಆ ಬೋರ್ಡೂ ಇಲ್ಲ.

ಇಲ್ಲಿ ಕೂತವರಲ್ಲಿ ಬೆಳೆಗಾರರು ಬಹಳ ಮಂದಿ ಇದ್ದೀರಿ. ಕಾಫಿ ಮಾರುವಾಗ ತೂಕದ ಅಂಕಿ ನಮ್ಮ ಕಣ್ಣಿಗೆ ಕಾಣುವ ಹಾಗಿರಬೇಕು ಅಂತ ಪಟ್ಟು ಹಿಡಿಯುತ್ತೇವೆ. ವ್ಯಾಪಾರಿ ಎಷ್ಟೇ ಪ್ರಾಮಾಣಿಕನಾಗಿರಲಿ, ತಕ್ಕಡಿಯನ್ನು ಆಚೆ ತಿರುಗಿಸಿಟ್ಟು ತೂಗಿದರೆ ಒಪ್ಪುತ್ತೇವೆಯೇ? ಫುಟ್‌ಬಾಲಿನಲ್ಲಿ ಒಪ್ಪಿಕೊಂಡು ಬಂದಿದ್ದೇವೆ. ನಿಜವಾದ ಗಡಿಯಾರ ಇರುವುದು ಒಬ್ಬನ ಮಣಿಕಟ್ಟಿನಲ್ಲಿ, ಸಾವಿರ ಜನಕ್ಕೆ ಅದು ಕಾಣುವುದಿಲ್ಲ.

ಪ್ರೇಕ್ಷಕರ ಸಿಟ್ಟು ಕೆಟ್ಟದ್ದು, ಆಟವನ್ನು ಸುಮ್ಮನೆ ಕೂತು ನೋಡಬೇಕು ಎನ್ನುವವರಿದ್ದಾರೆ. ಅವರು ಈ ಆಟದ ಚರಿತ್ರೆಯನ್ನು ನೋಡಬೇಕು. 1982ರ ವಿಶ್ವಕಪ್ಪಿನಲ್ಲಿ, ಸ್ಪೇನಿನ ಗಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಆಡಿದವು. ಜರ್ಮನಿ ಮೊದಲಲ್ಲೇ ಒಂದು ಗೋಲು ಹೊಡೆಯಿತು. ಅದೇ ಅಂತರದಲ್ಲಿ ಪಂದ್ಯ ಮುಗಿದರೆ ಎರಡೂ ತಂಡ ಮುಂದಿನ ಸುತ್ತಿಗೆ, ಅದೇ ಗುಂಪಿನಲ್ಲಿ ತನ್ನ ಪಂದ್ಯಗಳನ್ನು ಆಗಲೇ ಮುಗಿಸಿದ್ದ ಅಲ್ಜೀರಿಯಾ ಮನೆಗೆ. ಅಲ್ಜೀರಿಯಾ ಅದೇ ಜರ್ಮನಿಯನ್ನು 2-1ರಿಂದ ಸೋಲಿಸಿದ ತಂಡ. ಉಳಿದ ಹೊತ್ತೆಲ್ಲ ಎರಡೂ ಕಡೆಯವರು ಚೆಂಡನ್ನು ಹಿಂದಕ್ಕೂ ಪಕ್ಕಕ್ಕೂ ಉರುಳಿಸಿಕೊಂಡು ಕಾಲ ಕಳೆದರು. ಅಲ್ಜೀರಿಯಾದ ಅಭಿಮಾನಿಗಳು ಪಂದ್ಯವನ್ನು ಮಾರಿಕೊಂಡಿದ್ದೀರಿ ಎನ್ನುವ ಹಾಗೆ ಸ್ಟ್ಯಾಂಡಿನಿಂದ ನೋಟುಗಳನ್ನು ಬೀಸಿ ತೋರಿಸಿದರು. 1986ರ ವಿಶ್ವಕಪ್ಪಿನಿಂದ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸತೊಡಗಿದ್ದು ಇದರಿಂದಾಗಿಯೇ.

1990ರ ಇಟಲಿ ವಿಶ್ವಕಪ್ಪನ್ನು ನಮ್ಮಲ್ಲಿ ಹಲವರು ಟಿವಿಯಲ್ಲಿ ನೋಡಿದ್ದೀರಿ. ಗೋಲು ಬರುವುದೇ ಅಪರೂಪ. ಡಿಫೆಂಡರ್ ಹಿಂದಕ್ಕೆ ಕೊಡುತ್ತಾನೆ, ಕೀಪರ್ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ, ಮತ್ತೆ ಡಿಫೆಂಡರಿಗೆ, ಮತ್ತೆ ಕೀಪರಿಗೆ. ಜನ ಬೇಸತ್ತರು. 1992ರಲ್ಲಿ ನಿಯಮವೇ ಬದಲಾಯಿತು: ತನ್ನ ತಂಡದವನು ಬೇಕೆಂದು ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. ಇವತ್ತು ಕೀಪರ್‌ಗಳು ಕಾಲಿನಲ್ಲೂ ಚೆನ್ನಾಗಿ ಆಡುತ್ತಾರಲ್ಲ, ಅದರ ಬೇರು ಅಲ್ಲಿದೆ.

ಇನ್ನೊಂದು ನಿಯಮದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ರೆಫರಿ ಎಲ್ಲಿ ದುರ್ಬಲನಾಗುತ್ತಾನೆ ಎಂಬುದು ಅದರಲ್ಲಿ ಕಾಣುತ್ತದೆ. ಕೀಪರ್ ಚೆಂಡನ್ನು ಕೈಯಲ್ಲಿ ಆರು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ನಿಯಮ 2000ದಲ್ಲಿ ಬಂತು. ಇಪ್ಪತ್ತೈದು ವರ್ಷ ಪುಸ್ತಕದಲ್ಲಿತ್ತು. ಅದನ್ನು ಜಾರಿ ಮಾಡಿದ ರೆಫರಿಯನ್ನು ನೀವು ಎಷ್ಟು ಸಲ ನೋಡಿದ್ದೀರಿ? ಕೀಪರ್‌ಗಳು ಹತ್ತು, ಹದಿನೈದು ಸೆಕೆಂಡು ಅಪ್ಪಿಕೊಂಡು ಮಲಗಿದರೂ ವಿಸಲ್ ಇಲ್ಲ. ಕಾರಣ ಶಿಕ್ಷೆ. ಪೆನಾಲ್ಟಿ ಏರಿಯಾದ ಒಳಗೆ, ಗೋಲಿನ ಬಾಯಲ್ಲೇ ಎದುರಾಳಿಗೆ ಪರೋಕ್ಷ ಫ್ರೀ ಕಿಕ್ ಕೊಡಬೇಕಿತ್ತು. ಎರಡು ಸೆಕೆಂಡು ತಡ ಮಾಡಿದ್ದಕ್ಕೆ ಒಂದು ಗೋಲನ್ನೇ ಕೈಗಿಟ್ಟ ಹಾಗೆ. ಅಷ್ಟು ದೊಡ್ಡ ಶಿಕ್ಷೆ ಕೊಡುವುದಕ್ಕೆ ಯಾವ ರೆಫರಿಗೂ ಮನಸ್ಸು ಬರಲಿಲ್ಲ. ತಪ್ಪಿಗಿಂತ ಶಿಕ್ಷೆ ಭಾರವಾದರೆ ಅದನ್ನು ಕೊಡಬೇಕಾದವನೇ ಹಿಂಜರಿಯುತ್ತಾನೆ.

2025ರ ಮಾರ್ಚಿನಲ್ಲಿ ನಿಯಮ ರೂಪಿಸುವ ಐಎಫ್ಎಬಿ ಅದನ್ನು ತಿದ್ದಿತು. ಈಗ ಎಂಟು ಸೆಕೆಂಡು ಅವಕಾಶ, ಮೀರಿದರೆ ಎದುರಾಳಿಗೆ ಕಾರ್ನರ್. ಜೊತೆಗೆ ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳಿನಲ್ಲಿ ಎಣಿಸಿ ತೋರಿಸಬೇಕು. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಆ ಬೆರಳೆಣಿಕೆ. ಕೀಪರಿಗೂ ಕಾಣುತ್ತದೆ, ಜನಕ್ಕೂ ಕಾಣುತ್ತದೆ. ಆಮೇಲೆ ವಿಸಲ್ ಊದಿದರೆ ಯಾರೂ ರೆಫರಿಯ ಮೇಲೆ ಏರಿ ಹೋಗುವುದಿಲ್ಲ.

2022ರ ಕತಾರ್ ವಿಶ್ವಕಪ್ಪಿನಲ್ಲಿ ಸಮಯ ಸೇರಿಸುವುದರಲ್ಲಿ ಕಟ್ಟುನಿಟ್ಟು ಮಾಡಿದರು. ಇಂಗ್ಲೆಂಡ್–ಇರಾನ್ ಪಂದ್ಯದ ಮೊದಲರ್ಧಕ್ಕೇ 14 ನಿಮಿಷ ಸೇರಿತು. ಇರಾನಿನ ಕೀಪರ್ ತಲೆಗೆ ಪೆಟ್ಟು ಬಿದ್ದು ನೆಲಕ್ಕೊರಗಿದ್ದ, ಅದು ನಿಜವಾದ ಪೆಟ್ಟು. ಇದನ್ನು ಒತ್ತಿ ಹೇಳುತ್ತೇನೆ. ಬಿದ್ದವನೆಲ್ಲ ನಾಟಕ ಮಾಡುತ್ತಿದ್ದಾನೆ ಅಂತ ಕೂಗುವ ಚಾಳಿ ನಮ್ಮಲ್ಲಿ ಬೆಳೆಯುತ್ತಿದೆ. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು 'ಏಳೋ' ಎಂದು ಗದರುವುದು ಕ್ರೌರ್ಯ. ಸಮಯವನ್ನು ಸರಿಯಾಗಿ ಲೆಕ್ಕ ಇಟ್ಟರೆ ಆ ಅನುಮಾನಕ್ಕೇ ಜಾಗವಿರುವುದಿಲ್ಲ, ಅವನು ಎಷ್ಟು ಹೊತ್ತು ಬೇಕಾದರೂ ಮಲಗಿ ಚಿಕಿತ್ಸೆ ಪಡೆಯಲಿ.

ಈಗ ನಮ್ಮ ಹಾಕಿಗೆ ಬರುತ್ತೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಆಡಿದವು. ಹೀಗಾಗಿ ಹಾಕಿಯ ನಿಯಮ ಬಲ್ಲವರು ಈ ಜಿಲ್ಲೆಯಲ್ಲಿ ಮನೆಮನೆಗೆ ಸಿಗುತ್ತಾರೆ. ಅವರನ್ನು ಕೇಳಿ ನೋಡಿ. ಅಂಪೈರ್ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಮಣಿಕಟ್ಟಿನಲ್ಲಿ ಅಡ್ಡ ಹಿಡಿದರೆ ಗಡಿಯಾರ ನಿಂತಿತು ಅಂತ ಅರ್ಥ. ಸಮಯ ಹಿಡಿಯುವವರು ಹೊರಗೆ ಮೇಜಿನ ಹತ್ತಿರ ಕೂತಿರುತ್ತಾರೆ. ಫ್ರೀ ಹಿಟ್ ಸಿಕ್ಕಿದವನು ಇನ್ನೊಬ್ಬನಿಗಾಗಿ ಕಾಯದೆ ತಾನೇ ಚೆಂಡು ತೆಗೆದುಕೊಂಡು ಓಡಬಹುದು. ಅಡ್ಡ ನಿಂತು ತಡ ಮಾಡಿದವನಿಗೆ ಹಸಿರು ಕಾರ್ಡ್, 2 ನಿಮಿಷ ಹೊರಗೆ. ಆ ಎರಡು ನಿಮಿಷ ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡು ಒದ್ದಾಡಬೇಕು. ಶಿಕ್ಷೆ ಸಣ್ಣದು, ಆದರೆ ಕೂಡಲೇ ತಟ್ಟುತ್ತದೆ. ಹಾಗಾಗಿ ಅದನ್ನು ಕೊಡಲು ಅಂಪೈರ್ ಅಂಜುವುದಿಲ್ಲ, ಪಡೆದವನು ಮತ್ತೆ ಆ ತಪ್ಪು ಮಾಡಲು ಅಂಜುತ್ತಾನೆ.

ರೆಫರಿಗಳ ವಿಷಯದಲ್ಲಿ ನಾವು ನ್ಯಾಯವಾಗಿ ನಡೆದುಕೊಳ್ಳುತ್ತಿಲ್ಲ. ನಮ್ಮ ಪಂದ್ಯಾವಳಿಗಳಲ್ಲಿ ಒಬ್ಬನೇ ಹುಡುಗ ಬಿಸಿಲಿನಲ್ಲಿ ಒಂದಾದ ಮೇಲೊಂದು ಪಂದ್ಯ ಊದುತ್ತಾನೆ. ಲೈನಿನಲ್ಲಿ ಬಾವುಟ ಹಿಡಿಯುವವರು ಒಮ್ಮೊಮ್ಮೆ ಆಡುವ ತಂಡದ ಕಡೆಯವರೇ. ಅವನ ಸಂಭಾವನೆ ಕೊನೆಯ ದಿನ ಬಹುಮಾನ ಕೊಟ್ಟು ಮುಗಿದ ಮೇಲೆ, ಅದೂ ಕೇಳಿದರೆ. ಆಟಗಾರನನ್ನು ಹೊರಗೆ ಕಳಿಸುವ ಎರಡನೆಯ ಹಳದಿ ಕಾರ್ಡ್ ತೆಗೆಯಬೇಕಾದಾಗ ಅವನ ಕೈ ಜೇಬಿನ ಹತ್ತಿರ ಹೋಗಿ ನಿಲ್ಲುತ್ತದೆ, ಯಾಕೆಂದರೆ ಸಂಜೆ ಅವನು ಮನೆಗೆ ಹೋಗುವ ದಾರಿ ಆ ತಂಡದ ಊರಿನ ಮೇಲೆಯೇ ಹೋಗುತ್ತದೆ. ಹೀಗಿರುವಾಗ ಗಟ್ಟಿ ರೆಫರಿ ಬೇಕು ಅಂದರೆ ಎಲ್ಲಿಂದ ಬರಬೇಕು?

ದೊಡ್ಡ ಮಟ್ಟದಲ್ಲೂ ಕಷ್ಟ ಇದ್ದದ್ದೇ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದ ಬೆಂಗಳೂರು ಎಫ್‌ಸಿ–ಕೇರಳ ಬ್ಲಾಸ್ಟರ್ಸ್ ಐಎಸ್ಎಲ್ ನಾಕೌಟ್ ಪಂದ್ಯ ನೆನಪಿದೆಯಲ್ಲ? ಈ ಭಾಗದಲ್ಲಿ ಎರಡೂ ತಂಡಕ್ಕೆ ಅಭಿಮಾನಿಗಳಿದ್ದಾರೆ. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಫ್ರೀ ಕಿಕ್ ಅನ್ನು ಥಟ್ಟನೆ ಒದ್ದು ಗೋಲು ಮಾಡಿದರು. ಚೆಂಡಿಗೆ ಅಡ್ಡವಾಗಿ ಆಟಗಾರರನ್ನು ಸಾಲಾಗಿ ನಿಲ್ಲಿಸುವ ಗೋಡೆಯನ್ನು ಬ್ಲಾಸ್ಟರ್ಸ್ ಇನ್ನೂ ಕಟ್ಟಿಕೊಳ್ಳುತ್ತಿತ್ತು. ಅವರ ಕೋಚ್ ತಂಡವನ್ನು ಕರೆದುಕೊಂಡು ಹೊರಗೆ ನಡೆದರು, ಪಂದ್ಯ ಬೆಂಗಳೂರಿನ ಪಾಲಾಯಿತು, ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಮೈದಾನ ಬಿಟ್ಟು ಹೋದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಗಳದ ಮೂಲ ಎಲ್ಲಿದೆ ನೋಡಿ. ಬೇಗ ಒದೆಯುವುದಕ್ಕೆ ನಿಯಮದಲ್ಲಿ ಅವಕಾಶವಿದೆ. ವಿಸಲ್‌ಗೆ ಕಾಯಿರಿ ಎಂದು ರೆಫರಿ ಸೂಚಿಸಿದ್ದರೆ ಮಾತ್ರ ಇಲ್ಲ. ಆ ಎರಡರಲ್ಲಿ ಯಾವುದು ನಡೆದಿದೆ ಎಂಬುದು ಗ್ಯಾಲರಿಯಲ್ಲಿದ್ದವರಿಗೆ ಹೇಗೆ ತಿಳಿಯಬೇಕು? ಇಲ್ಲೂ ರೆಫರಿಗೆ ಗೊತ್ತಿರುವುದು ಜನಕ್ಕೆ ಕಾಣಲಿಲ್ಲ.

ಹಾಗಾದರೆ ನಾವೇನು ಮಾಡಬಹುದು? ವಿಶ್ವಕಪ್ಪಿನ ನಿಯಮ ತಿದ್ದುವುದು ನಮ್ಮ ಕೈಯಲ್ಲಿಲ್ಲ, ನಮ್ಮ ಊರಿನ ಪಂದ್ಯಾವಳಿ ಇದೆ. ಕೊನೆಯ ಹತ್ತು ನಿಮಿಷದ ಗಡಿಯಾರವನ್ನು ರೆಫರಿಯಿಂದ ತೆಗೆದು ಮೇಜಿಗೆ ಕೊಡೋಣ. ಚೆಂಡು ನಿಂತರೆ ಗಡಿಯಾರವೂ ನಿಲ್ಲಲಿ, ಮೈಕಿನಲ್ಲಿ ಕಾಮೆಂಟರಿ ಹೇಳುವವರು ಉಳಿದ ಸಮಯವನ್ನು ಎಲ್ಲರಿಗೂ ಕೇಳುವಂತೆ ಹೇಳಲಿ. ಹಾಗೆ ಮಾಡಿದರೆ ಕತ್ತಲಾಗುತ್ತದೆ, ದಿನಕ್ಕೆ ಇಷ್ಟು ಪಂದ್ಯ ಮುಗಿಯುವುದಿಲ್ಲ, ಸಂಜೆ ಮಳೆ ಬೇರೆ ಅಂತ ಸಮಿತಿಯವರು ಹೇಳುತ್ತಾರೆ. ಹಾಗಾದರೆ ಪಂದ್ಯವನ್ನೇ ಐದು ನಿಮಿಷ ಚಿಕ್ಕದು ಮಾಡಿ. ದೊಡ್ಡ ಲೀಗ್‌ಗಳಲ್ಲೇ 90 ನಿಮಿಷದಲ್ಲಿ ಚೆಂಡು ಆಟದಲ್ಲಿರುವುದು ಸುಮಾರು 55ರಿಂದ 60 ನಿಮಿಷ. ಚಿಕ್ಕದಾದರೂ ಪೂರ್ತಿ ಆಡಿದ ಪಂದ್ಯ ನೋಡುವುದಕ್ಕೆ ಜನ ಸಿದ್ಧರಿದ್ದಾರೆ.

ಎರಡೂ ಗೋಲಿನ ಹಿಂದೆ ಎರಡೆರಡು ಚೆಂಡು ಇಟ್ಟುಕೊಂಡು ಹುಡುಗರು ನಿಂತಿರಲಿ. ತೋಟಕ್ಕೆ ಹೋದ ಚೆಂಡನ್ನು ಆಮೇಲೆ ಹುಡುಕಿದರಾಯಿತು. ಬದಲಾಗುವ ಆಟಗಾರ ಹತ್ತಿರದ ಲೈನಿನಿಂದ ಹೊರಗೆ ಹೋಗಬೇಕು ಅಂತ 2019ರಿಂದ ನಿಯಮವೇ ಇದೆ, ಅದನ್ನು ಪಾಲಿಸುವುದಷ್ಟೇ ಬಾಕಿ. ತಳಮಟ್ಟದ ಫುಟ್‌ಬಾಲಿನಲ್ಲಿ ಹಳದಿ ಕಾರ್ಡ್ ಪಡೆದವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದಕ್ಕೂ ಐಎಫ್ಎಬಿ ಅವಕಾಶ ಕೊಟ್ಟಿದೆ, ಫುಟ್‌ಬಾಲ್ ಸಂಸ್ಥೆಯ ಒಪ್ಪಿಗೆ ಪಡೆದರೆ ನಾವೂ ಮಾಡಬಹುದು. ಹಸಿರು ಕಾರ್ಡ್ ಕಂಡ ಕಣ್ಣುಗಳಿಗೆ ಇದು ಹೊಸದಲ್ಲ.

ಇನ್ನು ರೆಫರಿಯ ಹಣ ಪಂದ್ಯ ಶುರುವಾಗುವ ಮೊದಲೇ ಅವನ ಕೈ ಸೇರಬೇಕು. ಬಾವುಟ ಹಿಡಿಯುವವರು ಬೇರೆ ಊರಿನವರಾಗಿರಬೇಕು. ಅವನ ಹತ್ತಿರ ಮಾತಾಡುವುದಕ್ಕೆ ಕ್ಯಾಪ್ಟನ್ ಒಬ್ಬನೇ ಹೋಗಬೇಕು. ಸುತ್ತಲೂ ಹಗ್ಗ ಕಟ್ಟಿ ನಾವು ಅದರ ಈಚೆ ನಿಲ್ಲೋಣ, ಕೂಗೋಣ, ಆದರೆ ಅವನ ಮನೆಯವರನ್ನು ಎಳೆದು ಬೈಯುವುದು ಬೇಡ. ಅವನು ಇನ್ನೂ ಇಪ್ಪತ್ತು ದಾಟದ ಹುಡುಗ, ಅವನು ವಿಸಲ್ ಕೆಳಗಿಟ್ಟರೆ ಮುಂದಿನ ವರ್ಷ ಊದುವುದಕ್ಕೆ ಇನ್ನೊಬ್ಬ ಸಿಗುವುದಿಲ್ಲ.

ಸಮಿತಿಯವರು ಇಲ್ಲೇ ಇದ್ದೀರಿ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ಪಂದ್ಯಾವಳಿಗೆ ಟೈಸ್ ಹಾಕುವ, ಅಂದರೆ ಯಾರಿಗೆ ಯಾರು ಎದುರಾಳಿ ಅಂತ ಗೊತ್ತು ಮಾಡುವ ದಿನವೇ ಈ ನಿಯಮಗಳನ್ನು ಗಟ್ಟಿಯಾಗಿ ಓದಿ, ಪ್ರತಿ ತಂಡದ ಮ್ಯಾನೇಜರ್ ಕೈಯಲ್ಲಿ ಸಹಿ ಹಾಕಿಸಿ. ಮೇಜಿನ ಮುಂದೆ ಸ್ಟಾಪ್‌ವಾಚ್ ಹಿಡಿದು ಕೂರುವುದಕ್ಕೆ ಜನ ಬೇಕಾದರೆ ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೆದುಕೊಳ್ಳಿ.