ಐದು ಬಸ್ಸು ಬಂದವು, ಒಂದೂ ನನ್ನದಲ್ಲ

ಮಳೆ ಬರುತ್ತಿತ್ತು. ಮ್ಯಾಂಚೆಸ್ಟರ್ ಅಂದ ಮೇಲೆ ಅದನ್ನ ಬೇರೆ ಹೇಳಬೇಕಾ!

ನಾನು ಇಲ್ಲಿಗೆ ಓದಲು ಬಂದ ಮೊದಲ ವರ್ಷ. ರಶೋಮ್‌ನಲ್ಲಿ, ಕರಿ ಮೈಲ್ ಅಂತ ಕರೆಯುವ ಬಿರಿಯಾನಿ-ಕಬಾಬ್ ಬೀದಿಯಲ್ಲಿ, ಬಸ್ಸಿಗೆ ಕಾಯುತ್ತಿದ್ದೆ. ಜೇಬಿನಲ್ಲಿ ವಾರದ ಪಾಸು ಇತ್ತು. ಒಂದರ ಬಾಲಕ್ಕೆ ಒಂದು ಅಂಟಿಕೊಂಡ ಹಾಗೆ ಐದು ಬಸ್ಸು ಬಂದವು. ಎಲ್ಲವೂ ಯೂನಿವರ್ಸಿಟಿ ಕಡೆಗೇ. ಮೊದಲನೆಯದನ್ನು ಹತ್ತಿ ಪಾಸು ತೋರಿಸಿದೆ. ಡ್ರೈವರ್ ನೋಡಿ, "ಇದು ನಮ್ಮ ಕಂಪನಿಯ ಪಾಸಲ್ಲ, ಲವ್" ಅಂದರು. (ಇಲ್ಲಿ ಡ್ರೈವರು, ಅಂಗಡಿಯವರು ಎಲ್ಲರನ್ನೂ ಲವ್ ಅಂತಲೇ ಕರೆಯೋದು. ಅಪಾರ್ಥ ಮಾಡಿಕೊಳ್ಳಬೇಡಿ.) ಇಳಿದು ಎರಡನೆಯದಕ್ಕೆ ಓಡಿದೆ. ಅಲ್ಲೂ ಅದೇ ಮಾತು. ಐದೂ ಹೊರಟು ಹೋದವು, ಎಲ್ಲವೂ ಅರ್ಧ ಖಾಲಿ. ನಾನು ಮಾತ್ರ ನೆನೆಯುತ್ತಾ ನಿಂತೆ.

ಅವತ್ತು ನನ್ನ ತಲೆಗೆ ಬಂದದ್ದು ಒಂದೇ ಪ್ರಶ್ನೆ. ಇಷ್ಟೊಂದು ಬಸ್ಸಿರುವ ಊರಲ್ಲಿ ಬಸ್ಸು ಸಿಗಲಿಲ್ಲ ಅಂದರೆ ಏನರ್ಥ?

ಉತ್ತರ ಒಂದು ತಾರೀಖಿನಲ್ಲಿದೆ. 1986ರ ಅಕ್ಟೋಬರ್ 26. ಅದಕ್ಕೆ ಹಿಂದಿನ ವರ್ಷ ಮಾರ್ಗರೆಟ್ ಥ್ಯಾಚರ್ ಸರ್ಕಾರ ಒಂದು ಸಾರಿಗೆ ಕಾಯ್ದೆ ತಂದಿತ್ತು. ಆಗಿನ ಸಾರಿಗೆ ಸಚಿವ ನಿಕೋಲಸ್ ರಿಡ್ಲಿ. ಆ ದಿನದಿಂದ ಯಾರು ಬೇಕಾದರೂ, ಯಾವ ರೂಟಿನಲ್ಲಿ ಬೇಕಾದರೂ ಬಸ್ಸು ಓಡಿಸಬಹುದು ಅಂತಾಯಿತು. ಲೈಸೆನ್ಸ್ ಇರಬೇಕಿತ್ತು, 42 ದಿನ ಮೊದಲು ರೂಟನ್ನು ರಿಜಿಸ್ಟರ್ ಮಾಡಬೇಕಿತ್ತು, ಅಷ್ಟೇ. ದರ ಎಷ್ಟು, ಟೈಮ್ ಯಾವುದು, ಎಲ್ಲ ಕಂಪನಿಯ ಇಷ್ಟ. ಸ್ಪರ್ಧೆ ಬಂದರೆ ದರ ಇಳಿಯುತ್ತೆ, ಬಸ್ಸು ಹೆಚ್ಚುತ್ತೆ ಅನ್ನೋದು ವಾದ.

ನಾನು ಮಂಗಳೂರಿನ ಕಡೆಯವನು. ಪ್ರೈವೇಟ್ ಬಸ್ಸು ನನಗೆ ಹೊಸದಲ್ಲ. ಟೈಮಿಂಗ್ ವಿಷಯಕ್ಕೆ ಎರಡು ಬಸ್ಸಿನವರು ನಡುರಸ್ತೆಯಲ್ಲಿ ಜಗಳವಾಡೋದು ನೋಡುತ್ತಲೇ ಬೆಳೆದವನು. ಆದರೆ ಅಲ್ಲಿ ಜಗಳ ಆಡೋದಕ್ಕಾದರೂ ಒಂದು ಟೈಮಿಂಗ್ ಇತ್ತಲ್ಲ! ಪರ್ಮಿಟ್‌ನಲ್ಲಿ ರೂಟು, ಸಮಯ ಬರೆದಿರುತ್ತಿತ್ತು. ಮ್ಯಾಂಚೆಸ್ಟರಿನಲ್ಲಿ ಅದನ್ನೂ ಕಿತ್ತು ಹಾಕಿದರು.

ಆಗಿದ್ದೇನು? ವಿಲ್ಮ್‌ಸ್ಲೋ ರೋಡ್, ಆಕ್ಸ್‌ಫರ್ಡ್ ರೋಡ್ ಕಡೆ ವಿದ್ಯಾರ್ಥಿಗಳು ಜಾಸ್ತಿ, ಆಸ್ಪತ್ರೆಗಳಿವೆ, ಕಾಸು ಹುಟ್ಟುತ್ತೆ. ಎಲ್ಲ ಕಂಪನಿಗಳೂ ಅಲ್ಲಿಗೇ ಮುಗಿಬಿದ್ದವು. ಇಡೀ ಯುರೋಪಿನಲ್ಲಿ ಅತಿ ಹೆಚ್ಚು ಬಸ್ಸು ಓಡುವ ರಸ್ತೆಗಳಲ್ಲಿ ಇದೂ ಒಂದು ಅಂತ ಹೆಸರಾಯಿತು. ಊರ ಅಂಚಿನ ಬಡಾವಣೆಯ ಅಜ್ಜಿ ಸಂಜೆ ಏಳರ ಮೇಲೆ ಎಲ್ಲಿಗಾದರೂ ಹೋಗಬೇಕು ಅಂದರೆ? ಆ ರೂಟಿನಲ್ಲಿ ಲಾಭ ಇಲ್ಲ. ಬೇಕಾದರೆ ಸ್ಥಳೀಯ ಆಡಳಿತ ದುಡ್ಡು ಕೊಟ್ಟು ಓಡಿಸಿಕೊಳ್ಳಲಿ ಅಂತ ಬಿಟ್ಟರು.

ಈ ಸ್ಪರ್ಧೆಯ ವಾದದಲ್ಲಿ ಒಂದು ತೂತಿದೆ. ಅಂಗಡಿಯಲ್ಲಿ ನಾನು ಎರಡು ಸೋಪು ಕೈಯಲ್ಲಿ ಹಿಡಿದು, ಬೆಲೆ ನೋಡಿ, ಒಂದನ್ನ ವಾಪಸ್ ಇಡುತ್ತೇನೆ. ಬಸ್ ಸ್ಟಾಪಿನಲ್ಲಿ ಯಾರು ಹಾಗೆ ಮಾಡುತ್ತಾರೆ? ಮಳೆಯಲ್ಲಿ ನಿಂತವರು ಮೊದಲು ಬಂದ ಬಸ್ಸು ಹತ್ತುತ್ತಾರೆ. ಇದು ಕಂಪನಿಗಳಿಗೂ ಗೊತ್ತು. ಹಾಗಾಗಿ ಅವು ಪೈಪೋಟಿ ನಡೆಸಿದ್ದು ಒಳ್ಳೆಯ ಬಸ್ಸು ಕೊಡೋದಕ್ಕಲ್ಲ, ಎದುರಾಳಿಯ ಬಸ್ಸಿಗಿಂತ ಎರಡು ನಿಮಿಷ ಮೊದಲು ಸ್ಟಾಪಿಗೆ ಬರೋದಕ್ಕೆ.

ಇನ್ನೊಂದು ವಿಷಯ. ಆ ಕಾಯ್ದೆಯಲ್ಲಿ ಲಂಡನ್ನಿಗೆ ಮಾತ್ರ ವಿನಾಯಿತಿ ಇತ್ತು. ಅಲ್ಲಿ ರೂಟು, ದರ ಸಾರ್ವಜನಿಕ ಸಂಸ್ಥೆಯ ಕೈಯಲ್ಲೇ ಉಳಿದವು, ಕಂಪನಿಗಳು ಗುತ್ತಿಗೆಗೆ ಬಸ್ಸು ಓಡಿಸಿದವು. ಅಷ್ಟು ಒಳ್ಳೆಯ ಔಷಧಿಯಾಗಿದ್ದರೆ ಲಂಡನ್ನಿಗೆ ಯಾಕೆ ಕುಡಿಸಲಿಲ್ಲ, ಸ್ವಾಮಿ?

ನನಗೆ ಹೊಟ್ಟೆ ಉರಿಯೋದು ಯಾಕೆಂದರೆ, ಇದು ಬಸ್ಸು ಗೊತ್ತಿಲ್ಲದ ಊರಲ್ಲ. 1824ರಲ್ಲಿ ಜಾನ್ ಗ್ರೀನ್‌ವುಡ್ ಅನ್ನುವ ಟೋಲ್ ಗೇಟಿನ ಮನುಷ್ಯ ಪೆಂಡಲ್ಟನ್‌ನಿಂದ ಮ್ಯಾಂಚೆಸ್ಟರಿನ ಮಾರ್ಕೆಟ್ ಸ್ಟ್ರೀಟ್‌ಗೆ ಕುದುರೆ ಗಾಡಿ ಓಡಿಸಲು ಶುರು ಮಾಡಿದ. ಮೊದಲೇ ಸೀಟು ಕಾದಿರಿಸುವ ರಗಳೆ ಇಲ್ಲ. ದಾರಿಯಲ್ಲಿ ಕೈ ತೋರಿಸಿ ಹತ್ತಬಹುದು, ಬೇಕಾದಲ್ಲಿ ಇಳಿಯಬಹುದು. ಬ್ರಿಟನ್ನಿನ ಮೊದಲ ಬಸ್ಸು ಇದೇ ಅಂತ ಹೇಳುತ್ತಾರೆ. 1901ರಲ್ಲಿ ನಗರಸಭೆಯೇ ಕರೆಂಟ್ ಟ್ರಾಮ್ ಓಡಿಸಿತು. 1949ರ ಜನವರಿಯಲ್ಲಿ ಕೊನೆಯ ಟ್ರಾಮ್ ಹೋಯಿತು. 1969ರಲ್ಲಿ ಅಕ್ಕಪಕ್ಕದ 11 ಊರುಗಳ ನಗರಸಭೆಯ ಬಸ್ಸುಗಳನ್ನೆಲ್ಲ ಸೇರಿಸಿ ಒಂದೇ ಸಂಸ್ಥೆ ಮಾಡಿದರು. ಕಿತ್ತಳೆ ಬಣ್ಣದ ಬಸ್ಸುಗಳು. ಅಂದರೆ ಒಂದೇ ಜಾಲ ಇತ್ತು. ಕೈಯಲ್ಲಿದ್ದದ್ದನ್ನು 17 ವರ್ಷದಲ್ಲಿ ಒಡೆದು ಹಾಕಿದರು.

ಪಿಕಡಿಲಿ, ವಿಕ್ಟೋರಿಯಾ ಅನ್ನುವ ಎರಡು ರೈಲು ನಿಲ್ದಾಣಗಳ ನಡುವೆ ಸುರಂಗ ಕೊರೆಯುವ ಯೋಜನೆಯೂ 1970ರ ದಶಕದಲ್ಲಿ ದುಡ್ಡಿಲ್ಲದೆ ಸತ್ತಿತು. ಆ ಕನಸು ಬೇರೆ ರೂಪದಲ್ಲಿ ಬಂದದ್ದು 1992ರಲ್ಲಿ. ಬರಿ, ಆಲ್ಟ್ರಿಂಕಮ್ ಅನ್ನುವ ಎರಡು ಊರುಗಳ ಹಳೆಯ ರೈಲು ಹಳಿಗಳನ್ನು ಊರ ನಡುವಿನ ಬೀದಿಯ ಮೂಲಕ ಜೋಡಿಸಿ ಟ್ರಾಮ್ ಬಿಟ್ಟರು. ಅದೇ ಮೆಟ್ರೋಲಿಂಕ್. ಈಗ 99 ಸ್ಟಾಪುಗಳಿವೆ. ಆದರೆ ಬಹಳ ವರ್ಷ ಟ್ರಾಮ್ ಸಾರ್ವಜನಿಕರದ್ದು, ಬಸ್ಸು ಕಂಪನಿಗಳದ್ದು ಆಗಿತ್ತು. ಟ್ರಾಮ್ ಇಳಿದು ಬಸ್ಸು ಹತ್ತಿದರೆ ಬೇರೆಯದೇ ಲೋಕವಾಗಿತ್ತು.

ಇಲ್ಲಿ ಜನರದ್ದೂ ತಪ್ಪಿಲ್ಲ ಅಂತ ನಾನು ಹೇಳಲ್ಲ. 2008ರಲ್ಲಿ ಒಂದು ಮತದಾನ ನಡೆಯಿತು. ದಟ್ಟಣೆಯ ಹೊತ್ತಿನಲ್ಲಿ ಊರೊಳಗೆ ಕಾರು ತಂದರೆ ಶುಲ್ಕ, ಜೊತೆಗೆ ಟ್ರಾಮ್-ಬಸ್ಸಿಗೆ ದೊಡ್ಡ ಮೊತ್ತದ ಹೂಡಿಕೆ. ನೂರಕ್ಕೆ 79 ಜನ ಬೇಡ ಅಂದರು. ಬಸ್ಸು ಚೆನ್ನಾಗಿರಬೇಕು, ಆದರೆ ನನ್ನ ಕಾರಿನ ತಂಟೆಗೆ ಬರಬೇಡಿ. ಎಲ್ಲೋ ಕೇಳಿದ ಮಾತಿನ ಹಾಗಿದೆ ಅಲ್ವಾ?

2017ರಲ್ಲಿ ಕಾನೂನು ಬದಲಾಯಿತು. ಮೇಯರ್ ಇರುವ ಪ್ರದೇಶಗಳು ಬಸ್ಸಿನ ಹಿಡಿತ ವಾಪಸ್ ತೆಗೆದುಕೊಳ್ಳಬಹುದು ಅಂತಾಯಿತು. ಮೇಯರ್ ಆಂಡಿ ಬರ್ನಮ್ 2021ರಲ್ಲಿ ಆ ತೀರ್ಮಾನ ಮಾಡಿದರು. ಸ್ಟೇಜ್‌ಕೋಚ್ ಮತ್ತು ರೋಟಾಲಾ ಕಂಪನಿಗಳು ಕೋರ್ಟಿಗೆ ಹೋಗಿ 2022ರಲ್ಲಿ ಸೋತವು. 2023ರ ಸೆಪ್ಟೆಂಬರ್‌ನಲ್ಲಿ ಬೋಲ್ಟನ್, ವಿಗನ್ ಕಡೆ ಹಳದಿ ಬಸ್ಸುಗಳು ಬಂದವು. ಹೆಸರು ಬೀ ನೆಟ್‌ವರ್ಕ್. ದುಡಿಯುವ ಜೇನುಹುಳು ಈ ಊರಿನ ಗುರುತು. 2025ರ ಜನವರಿ 5ಕ್ಕೆ ಇಡೀ ಗ್ರೇಟರ್ ಮ್ಯಾಂಚೆಸ್ಟರ್, ಅಂದರೆ ಮ್ಯಾಂಚೆಸ್ಟರ್ ಮತ್ತು ಸುತ್ತಲಿನ ಊರುಗಳೆಲ್ಲ, ಅದರೊಳಗೆ ಬಂತು. ತಮಾಷೆ ನೋಡಿ, ಬಸ್ಸು ಓಡಿಸುವವರು ಈಗಲೂ ಖಾಸಗಿಯವರೇ, ಸ್ಟೇಜ್‌ಕೋಚ್ ಕೂಡ ಇದೆ. ಆದರೆ ರೂಟು, ದರ, ಟೈಮ್ ನಿರ್ಧರಿಸೋದು ಸಾರ್ವಜನಿಕ ಸಂಸ್ಥೆ. ಟಿಕೆಟ್ ದುಡ್ಡು ಅದಕ್ಕೇ ಹೋಗುತ್ತೆ. ಕಂಪನಿಗೆ ಓಡಿಸಿದ ಬಾಬ್ತು ಸಿಗುತ್ತೆ. ಹಾಗಾಗಿ ಪಕ್ಕದ ಬಸ್ಸನ್ನು ಹಿಂದೆ ಹಾಕಿ ಓಡುವ ಅವಸರ ಡ್ರೈವರಿಗಿಲ್ಲ.

ಹಳದಿ ಬಣ್ಣ ಬಳಿದರೆ ಬಸ್ಸು ಬೇಗ ಬರಲ್ಲ ಅಂತ ಕೆಲವರು ಕೊಂಕು ಆಡುತ್ತಾರೆ. ಸರಿಯೇ. ಟ್ರಾಫಿಕ್ಕಿನಲ್ಲಿ ಈಗಲೂ ಸಿಕ್ಕಿಬೀಳುತ್ತೆ. ಖರ್ಚು ತೂಗಿಸಲು ತೆರಿಗೆ ದುಡ್ಡು ಬೇಕೇ ಬೇಕು. ಆದರೂ 2025ರಲ್ಲಿ ಇಂಗ್ಲೆಂಡಿನ ಬೇರೆ ಹಲವೆಡೆ ಒಂದು ಪ್ರಯಾಣದ ಬಸ್ ದರದ ಮಿತಿ 3 ಪೌಂಡಿಗೆ ಏರಿದಾಗ ಇಲ್ಲಿ 2 ಪೌಂಡಿಗೇ ನಿಂತಿತ್ತು. ಆ ಟಿಕೆಟ್ಟಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬೇಕಾದರೂ ಬದಲಾಯಿಸಬಹುದು. ಮೊನ್ನೆ ರಶೋಮ್‌ನಲ್ಲಿ ಮೊದಲು ಬಂದ ಬಸ್ಸು ಹತ್ತಿದೆ. ಯಾವ ಕಂಪನಿಯದ್ದು ಅಂತ ನೋಡಲೂ ಇಲ್ಲ.

ನನ್ನ ಪಕ್ಕದ ಮನೆಯಲ್ಲಿ ಒಬ್ಬರು ನರ್ಸ್ ಇದ್ದಾರೆ, ಕೇರಳದವರು. ಇಷ್ಟೆಲ್ಲ ಹೊಗಳಿದರೆ ಅವರು ನಗುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಬೋಲ್ಟನ್ ಮತ್ತು ಲೀ ಊರುಗಳಿಗೆ ರಾತ್ರಿಯಿಡೀ ಬಸ್ಸು ಶುರು ಮಾಡಿದಾಗ, "ನಮ್ಮ ಕಡೆಗೆ ಯಾವಾಗ?" ಅಂತ ಕೇಳಿದ್ದರು. ಈಗಲೂ ಸಿಕ್ಕಾಗೆಲ್ಲ ಅದನ್ನೇ ಕೇಳುತ್ತಾರೆ. ರಾತ್ರಿ ಪಾಳಿ ಇದ್ದಾಗ ಅವರು ಟ್ಯಾಕ್ಸಿಯಲ್ಲೇ ಹೋಗೋದು.